ಗಣಕಯಂತ್ರದ ಜೀರ್ಣೋದ್ಧಾರ

ದೇವಾಲಯವು ಶಿಥಿಲವಾದಾಗ ಅದನ್ನು ಜೀರ್ಣೋದ್ಧಾರ ಮಾಡುವ ಕ್ರಮವು ನಮ್ಮಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದಿದೆ. ಆದರೆ ಯಾವ ಸ್ಥಪತಿಯೂ ಮೊದಲ ದಿನವೇ ಗರ್ಭಗುಡಿಯ ಗೋಡೆಗೆ ಹಾರೆ ಹಾಕುವುದಿಲ್ಲ. ಮೂರ್ತಿಯಲ್ಲಿರುವ ಕಲೆಯನ್ನು ಮೊದಲು ಕಲಶಕ್ಕೆ ಆಕರ್ಷಿಸಿ, ಬಾಲಾಲಯವೆಂಬ ಸಣ್ಣ ಗುಡಿಯಲ್ಲಿ ಇರಿಸಿ, ಅಲ್ಲಿ ಪೂಜೆಯು ತಪ್ಪದೆ ನಡೆಯುವ ಏರ್ಪಾಡಾದ ಮೇಲೆಯೇ ಹಳೆಯ ಕಟ್ಟಡಕ್ಕೆ ಕೈಯಿಕ್ಕುವರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತ ಪಾಠ ಹೇಳಿದ ನಾನು ಈ ಕ್ರಮವನ್ನು ಪುಸ್ತಕದಲ್ಲಿ ಓದಿ ಬಲ್ಲೆನು. ಆದರೆ ಅದರ ಅರ್ಥವು ಮನಸ್ಸಿಗೆ ಚೆನ್ನಾಗಿ ನಾಟಿದ್ದು ಯಾವ ದೇವಾಲಯದಲ್ಲಿಯೂ ಅಲ್ಲ. ನಮ್ಮ ನಡುಮನೆಯ ಮೂಲೆಯಲ್ಲಿದ್ದ ಗಣಕಯಂತ್ರದ ಮುಂದೆ.

ಇಂದು ವಾಚಕರಲ್ಲಿ ಅನೇಕರ ಮನೆಯಲ್ಲಿ ಕಂಪ್ಯೂಟರು ಒಂದು ಉಂಟು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೊಂಡುದು. ಮಕ್ಕಳು ಉದ್ಯೋಗಕ್ಕೆ ಹೋದ ಮೇಲೆ ತಂದೆತಾಯಿಗಳ ಪಾಲಿಗೆ ಉಳಿದುದು. ಹೊಸತರಲ್ಲಿ ಕುದುರೆಯಂತೆ ಓಡುತ್ತಿದ್ದ ಆ ಯಂತ್ರವು ಏಳೆಂಟು ವರ್ಷಗಳಲ್ಲಿ ಮುದಿಯೆತ್ತಿನಂತೆ ಹೆಜ್ಜೆಯಿಡತೊಡಗುವುದು. ಆಗ ಬಲ್ಲವರು ಕೊಡುವ ಸಲಹೆಯು ಸಾಮಾನ್ಯವಾಗಿ ಒಂದೇ: "ಪೂರ್ತಿ ಒರಸಿ ಹೊಸದಾಗಿ ಹಾಕಿಸಿಬಿಡಿ." ಸಲಹೆಯು ತಪ್ಪಲ್ಲ. ಆದರೆ ಒರಸುವುದಕ್ಕೆ ಮುಂಚೆ ಗೃಹಸ್ಥನು ಮಾಡತಕ್ಕ ಕಾರ್ಯವೊಂದಿದೆ. ಅದನ್ನು ಮರೆತುದರಿಂದ ನಮ್ಮ ಮನೆಯಲ್ಲಿ ಆಗಲಿದ್ದ ದೊಡ್ಡ ಹಾನಿಯನ್ನೂ, ಆಗಿಯೇ ಹೋದ ಸಣ್ಣ ಹಾನಿಯನ್ನೂ ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಯಂತ್ರವನ್ನು ಕೊಂಡುದು ೨೦೧೬ನೆಯ ಇಸವಿಯಲ್ಲಿ. ಅದರಲ್ಲಿ ವಿಂಡೋಸ್ ೧೦ ಎಂಬ ವ್ಯವಸ್ಥೆಯಿತ್ತು. ೪ ಜಿಬಿಯ ಸ್ಮೃತಿಯೂ, ೫೦೦ ಜಿಬಿಯ ಹಾರ್ಡ್ ಡಿಸ್ಕೂ ಇದ್ದವು. ೨೦೨೪ರ ಹೊತ್ತಿಗೆ, ಬೆಳಗ್ಗೆ ಗುಂಡಿಯನ್ನೊತ್ತಿ ಹೋಗಿ, ಕಾಫಿ ಕುಡಿದು, ವೃತ್ತಪತ್ರಿಕೆಯ ಮೊದಲ ಪುಟವನ್ನು ಓದಿ ಬಂದರೂ ಪರದೆಯ ಮೇಲೆ ಚಕ್ರವು ಸುತ್ತುತ್ತಲೇ ಇರುತ್ತಿತ್ತು. ಆ ವರ್ಷದ ಅಕ್ಟೋಬರ್ ೧೧ರಂದು ಆಯುಧಪೂಜೆ. ಮೈಸೂರಿನಲ್ಲಿ ಅಂದು ಬೈಸಿಕಲ್ಲಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ಪೂಜೆ ಸಲ್ಲುವುದಷ್ಟೆ. ನನ್ನ ಗೃಹಿಣಿಯು ಯಂತ್ರಕ್ಕೂ ಅರಿಸಿನ ಕುಂಕುಮವನ್ನಿಟ್ಟು ಹೂ ಮುಡಿಸಿದಳು. ಹೊರಗೆ ಹೂವೇನೋ ಸೊಗಸಾಗಿತ್ತು. ಒಳಗಿನ ಕಸ ಮಾತ್ರ ಇದ್ದಲ್ಲೇ ಇತ್ತು.

ವಿಜಯದಶಮಿ ಕಳೆದ ಮೇಲೆ ಯಂತ್ರವನ್ನು ಆಟೋರಿಕ್ಷಾದಲ್ಲಿಟ್ಟುಕೊಂಡು ರಿಪೇರಿ ಅಂಗಡಿಯೊಂದಕ್ಕೆ ಹೋದೆನು. ಅಲ್ಲಿದ್ದ ಯುವಕನು ನನ್ನ ಮಾತು ಮುಗಿಯುವ ಮೊದಲೇ, "ಎಲ್ಲಾ ಒರಸಿ ಹೊಸದಾಗಿ ಹಾಕ್ಕೊಡ್ತೀನಿ ಸಾರ್, ಒಂದು ಗಂಟೆ ಕೆಲಸ" ಎಂದನು. ನಾನೂ "ಹಾಗೇ ಆಗಲಿ" ಎಂದೆನು. ಒಳಗೆ ಏನಿದೆಯೆಂದು ಅವನು ಕೇಳಲಿಲ್ಲ. ಹೇಳಬೇಕೆಂದು ನನಗೂ ತೋರಲಿಲ್ಲ. ಹಬ್ಬದ ಮರುವಾರವಾದುದರಿಂದ ಅಂಗಡಿಯಲ್ಲಿ ಯಂತ್ರಗಳ ರಾಶಿಯೇ ಬಿದ್ದಿತ್ತು. "ನಾಳೆ ತನ್ನಿ" ಎಂದನಾದಕಾರಣ ಮನೆಗೆ ಹಿಂದಿರುಗಿಸಿ ತಂದೆನು. ಆ ಒಂದು ದಿನದ ವಿಳಂಬಕ್ಕೆ ನಾನು ಇಂದಿಗೂ ಋಣಿಯಾಗಿರುವೆನು.

ಅಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬನ್ನಿ ಕೊಟ್ಟು ನಮಸ್ಕರಿಸಲು ಬಂದನು. ಶಾಲೆಯಲ್ಲಿದ್ದಾಗ ಶಬ್ದರೂಪಗಳನ್ನು ಒಪ್ಪಿಸಲು ಅಳುತ್ತಿದ್ದ ಹುಡುಗನು ಈಗ ಗಣಕಯಂತ್ರಗಳ ವಿಷಯದಲ್ಲಿ ಒಳ್ಳೆಯ ಪರಿಣತಿಯನ್ನು ಪಡೆದಿರುವನು. ಸಂಗತಿಯನ್ನು ಕೇಳಿ ಅವನು ಒಂದೇ ಪ್ರಶ್ನೆಯನ್ನು ಹಾಕಿದನು: "ಅದರಲ್ಲಿ ಏನೇನಿದೆ ಸಾರ್?"

"ಏನಿದ್ದೀತಪ್ಪಾ! ನನ್ನ ಕೆಲವು ಟಿಪ್ಪಣಿಗಳಿವೆ, ಅಷ್ಟೆ."

"ಅಮ್ಮನ್ನ ಕೇಳಿದ್ರಾ?"

ನಾನು ಕೇಳಿರಲಿಲ್ಲ. ಮಾತು ಕಿವಿಗೆ ಬಿದ್ದು ಅವಳೇ ಅಡಿಗೆಯ ಮನೆಯಿಂದ ಈಚೆಗೆ ಬಂದಳು. "ನಮ್ಮಮ್ಮನ ಹಾಡುಗಳು ಅದರಲ್ಲೇ ಅಲ್ಲವೇ ಇರೋದು?" ಎಂದಳು.

ನನ್ನ ಅತ್ತೆಯವರು ಹಳೆಯ ಕಾಲದ ಹಾಡುಗಳ ಭಂಡಾರವಾಗಿದ್ದರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ತೊಟ್ಟಿಲ ಹಾಡು, ಇವು ಯಾವುದನ್ನೂ ಅವರು ಬರೆದಿಟ್ಟವರಲ್ಲ. ೨೦೧೭ರ ಬೇಸಗೆಯಲ್ಲಿ ಅವರು ನಮ್ಮಲ್ಲಿಗೆ ಬಂದಿದ್ದಾಗ ಮಗಳು ದಿನಕ್ಕೆ ಎರಡು ಮೂರರಂತೆ ಮೂವತ್ತೊಂದು ಹಾಡುಗಳನ್ನು ಹಾಡಿಸಿ ಮೊಬೈಲ್ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಆ ಫೋನು ಕೆಟ್ಟುಹೋಗುವ ಮೊದಲು ಅವುಗಳನ್ನು ಯಂತ್ರಕ್ಕೆ ತುಂಬಿದ್ದೆವು. ಅತ್ತೆಯವರು ೨೦೨೦ರಲ್ಲಿ ತೀರಿಕೊಂಡರು. ಆ ಕಂಠವು ಲೋಕದಲ್ಲಿ ಉಳಿದಿದ್ದುದು ಅದೊಂದೇ ಸ್ಥಳದಲ್ಲಿ. ನಾನು ಅಂಗಡಿಯ ಮೇಜಿನ ಮೇಲೆ ಇಟ್ಟು, "ಒರಸಿಬಿಡು" ಎಂದು ಹೇಳಿಬಂದಿದ್ದ ಆ ಪೆಟ್ಟಿಗೆಯಲ್ಲಿ.

ಯಂತ್ರವು ಮಂದವಾಗುವುದೇಕೆ?

ಮುಂದಿನ ವೃತ್ತಾಂತವನ್ನು ಹೇಳುವ ಮೊದಲು ಯಂತ್ರದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಯುಕ್ತವೆಂದು ತೋರುವುದು. ಗಣಕಯಂತ್ರದ ಲೋಹದ ಭಾಗಗಳು ತಾವಾಗಿ ಏನನ್ನೂ ಅರಿಯವು. ಅವುಗಳ ಮೇಲೆ ಆಪರೇಟಿಂಗ್ ಸಿಸ್ಟಂ ಎಂಬ ಪಾರುಪತ್ಯಗಾರನೊಬ್ಬನಿರುವನು. ಯಾವ ಕಡತವು ಎಲ್ಲಿದೆ, ಯಾವ ಕೆಲಸಕ್ಕೆ ಎಷ್ಟು ಸ್ಥಳ, ಮುದ್ರಣಯಂತ್ರಕ್ಕೆ ಯಾವ ಆಜ್ಞೆ, ಇವೆಲ್ಲವೂ ಅವನ ಕೈಯಲ್ಲಿ. ವಿಂಡೋಸ್ ಎಂಬುದು ಇಂತಹ ಪಾರುಪತ್ಯಗಾರನ ಹೆಸರು. ನಾವು ಪತ್ರ ಬರೆಯಲು, ಹಾಡು ಕೇಳಲು ಉಪಯೋಗಿಸುವ ಇತರ ತಂತ್ರಾಂಶಗಳು ಅವನ ಅಧೀನದ ಆಳುಗಳು.

ಯಂತ್ರವು ಮಂದವಾಗಲು ಕಾರಣಗಳು ಹಲವು. ಒಂದನೆಯದು, ಕಾಲಕ್ರಮದಲ್ಲಿ ನಾವು ಸೇರಿಸಿಕೊಂಡ ಆಳುಗಳ ಸಂಖ್ಯೆ. ಒಂದೊಂದು ತಂತ್ರಾಂಶವೂ ಯಂತ್ರವು ಎದ್ದೊಡನೆಯೇ ತಾನೂ ಎದ್ದು ಕುಳಿತು, ಕರೆಯದಿದ್ದರೂ ಕೆಲಸ ಮಾಡುತ್ತಿರುವುದು. ಎರಡನೆಯದು, ಸ್ಮೃತಿಯ ಅಲ್ಪತೆ. ೪ ಜಿಬಿಯ ಸ್ಮೃತಿಯಲ್ಲಿ ಹಿಡಿಸದುದನ್ನು ಪಾರುಪತ್ಯಗಾರನು ಹಾರ್ಡ್ ಡಿಸ್ಕಿನ ಮೇಲೆ ಇಳಿಸುವುದೂ, ಬೇಕಾದಾಗ ಪುನಃ ಏರಿಸುವುದೂ ನಡೆಯುವುದರಿಂದ ಕಾಲಹರಣವಾಗುವುದು. ಮೂರನೆಯದು, ಆ ಡಿಸ್ಕಿನ ಸ್ವಭಾವ. ಹಳೆಯ ಬಗೆಯ ಡಿಸ್ಕಿನೊಳಗೆ ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸಲ ತಿರುಗುವ ತಟ್ಟೆಗಳಿದ್ದು, ಅವುಗಳ ಮೇಲೆ ಒಂದು ಸೂಕ್ಷ್ಮವಾದ ಕಡ್ಡಿಯು ಅತ್ತಿತ್ತ ಸರಿದು ಓದಬೇಕು. ಒಂದೊಂದು ಸರಿತಕ್ಕೂ ಸೆಕೆಂಡಿನ ಸುಮಾರು ನೂರರಲ್ಲೊಂದು ಪಾಲು ಹಿಡಿಯುವುದು. ಇದು ಅಲ್ಪವೆಂದು ಕಾಣಬಹುದು. ಆದರೆ ಸಾವಿರಾರು ಚೂರುಗಳನ್ನು ಹತ್ತಾರು ಕಡೆಗಳಿಂದ ಹೆಕ್ಕಿ ತರಬೇಕಾದಾಗ ನಿಮಿಷಗಳೇ ಕಳೆಯುವುವು. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗಗಳಿಲ್ಲವಾದುದರಿಂದ ಅದು ಬಹುಪಾಲು ಶೀಘ್ರವಾಗಿರುವುದು. ನಾಲ್ಕನೆಯದು, ಡಿಸ್ಕು ಕಂಠಪೂರ್ತಿ ತುಂಬಿರುವುದು. ಐದನೆಯದು, ನಮಗರಿಯದೆ ಹೊಕ್ಕ ದುಷ್ಟ ತಂತ್ರಾಂಶ. ಆರನೆಯದು, ಬರಿಯ ಧೂಳು. ಗಾಳಿಯಾಡುವ ರಂಧ್ರಗಳು ಮುಚ್ಚಿಹೋದರೆ ಯಂತ್ರವು ಕಾಯುವುದು. ಕಾದ ಯಂತ್ರವು ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ಕುಗ್ಗಿಸಿಕೊಳ್ಳುವುದು.

ಆದಕಾರಣ ಒರಸುವುದು ಮೊದಲನೆಯ ಚಿಕಿತ್ಸೆಯಾಗಕೂಡದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯು ತೆರೆಯುವುದು. ಯಾರು ಎಷ್ಟು ತಿನ್ನುತ್ತಿರುವರೆಂಬುದನ್ನು ಅಲ್ಲಿ ನೋಡಬಹುದು; ಯಂತ್ರದೊಡನೆ ಏಳುವ ಅನಾವಶ್ಯಕ ಆಳುಗಳನ್ನು ಅಲ್ಲಿಯೇ ತಡೆಯಬಹುದು. ಧೂಳನ್ನು ಝಾಡಿಸಬಹುದು. ಬೇಡವಾದ ತಂತ್ರಾಂಶಗಳನ್ನು ತೆಗೆದುಹಾಕಬಹುದು. ಇಷ್ಟರಿಂದಲೇ ಎಷ್ಟೋ ಯಂತ್ರಗಳು ಚೇತರಿಸಿಕೊಳ್ಳುವುದುಂಟು. ಇನ್ನು ಡಿಸ್ಕಿನೊಳಗಿಂದ ಟಿಕ್ ಟಿಕ್ ಎಂಬ ಶಬ್ದವು ಬರುತ್ತಿದ್ದರೆ ಅದು ಸವೆದುಹೋಗಿದೆಯೆಂದು ಶಂಕಿಸತಕ್ಕದ್ದು. ಆಗ ಒಳಗಿನದನ್ನು ಕೂಡಲೆ ನಕಲು ಮಾಡಿಕೊಂಡು ಡಿಸ್ಕನ್ನೇ ಬದಲಾಯಿಸಬೇಕು. ಸವೆದ ಡಿಸ್ಕಿನ ಮೇಲೆ ಹೊಸ ವಿಂಡೋಸನ್ನು ಹೂಡುವುದು ಗೆದ್ದಲು ಹಿಡಿದ ತೊಲೆಗೆ ಬಣ್ಣ ಹೊಡೆದಂತೆಯೇ ಸರಿ.

ನಮ್ಮ ಯಂತ್ರದಲ್ಲಿ ಡಿಸ್ಕು ಗಟ್ಟಿಯಾಗಿತ್ತು. ಆದರೆ ಎಂಟು ವರ್ಷಗಳಲ್ಲಿ ಮಗಳು, ಅವಳ ಗೆಳತಿಯರು, ಬಂದ ನೆಂಟರ ಮಕ್ಕಳು ಎಲ್ಲರೂ ಹಾಕಿಹೋದ ತಂತ್ರಾಂಶಗಳು ನಲವತ್ತಕ್ಕೂ ಹೆಚ್ಚಾಗಿದ್ದವು. ವೈರಸ್ಸನ್ನು ಕಾಯುವುದಕ್ಕೆಂದೇ ಮೂರು ಕಾವಲುಗಾರರಿದ್ದು, ಅವರವರಲ್ಲೇ ಜಗಳವಾಡುತ್ತಿದ್ದರು. "ಒಂದೊಂದಾಗಿ ಕೀಳೋದಕ್ಕಿಂತ ಒರಸೋದೇ ಸರಿ ಸಾರ್. ಆದ್ರೆ ಮೊದಲು ಇರೋದನ್ನ ಇಳಿಸಿಕೊಳ್ಳೋಣ" ಎಂದನು ನನ್ನ ಶಿಷ್ಯ. ಬಾಲಾಲಯದ ನೆನಪು ನನಗೆ ಬಂದುದು ಆಗಲೇ.

ಇಳಿಸಿಕೊಳ್ಳುವ ಕಾರ್ಯ

ಈ ಇಳಿಸಿಕೊಳ್ಳುವ ಕೆಲಸಕ್ಕೆ ನಮಗೆ ಮೂರು ದಿನಗಳು ಹಿಡಿದವು. ಒರಸಿ ಹೂಡುವುದಕ್ಕಾದರೋ ಒಂದು ಅಪರಾಹ್ಣ ಸಾಕಾಯಿತು. ವಾಚಕರು ಈ ಪ್ರಮಾಣವನ್ನು ಗಮನದಲ್ಲಿಡಬೇಕೆಂದು ಪ್ರಾರ್ಥಿಸುವೆನು.

ಮೊದಲು ಅವನು ಒಂದು ಕಾಗದದ ಮೇಲೆ ಗೆರೆಯೆಳೆದು ಎರಡು ಭಾಗ ಮಾಡಿಸಿದನು. ಒಂದು ಕಡೆ ಪುನಃ ದೊರೆಯತಕ್ಕದ್ದು. ಇನ್ನೊಂದು ಕಡೆ ಪುನಃ ದೊರೆಯದಿರತಕ್ಕದ್ದು. ವಿಂಡೋಸು ಪುನಃ ದೊರೆಯುವುದು. ಮುದ್ರಣಯಂತ್ರದ ತಂತ್ರಾಂಶವು ಅದನ್ನು ಮಾಡಿದವರ ಜಾಲತಾಣದಲ್ಲಿ ದೊರೆಯುವುದು. ಸಿನಿಮಾ ಹಾಡುಗಳು ಎಲ್ಲಿ ಬೇಕಾದರೂ ಸಿಕ್ಕುವುವು. ಆದರೆ ಅತ್ತೆಯವರ ಹಾಡು, ಮಗಳ ನಾಮಕರಣದ ಚಿತ್ರಗಳ ನಕಲು, ಮನೆಯ ಕ್ರಯಪತ್ರದ ಪ್ರತಿ, ಪೆನ್ಷನ್ನಿಗೆ ಸಂಬಂಧಪಟ್ಟ ಪತ್ರವ್ಯವಹಾರ, ಇಪ್ಪತ್ತು ವರ್ಷಗಳಿಂದ ನಾನು ಬರೆದಿಟ್ಟ ಪಾಠದ ಟಿಪ್ಪಣಿ, ಇವುಗಳನ್ನು ಯಾವ ಕಂಪೆನಿಯೂ ಮರಳಿ ಕೊಡಲಾರದು. ಪಟ್ಟಿಯನ್ನು ನಾನೊಬ್ಬನೇ ಬರೆಯಲು ಹೊರಟಾಗ ಐದು ಬಾಬುಗಳಾದವು. ಗೃಹಿಣಿಯು ಕುಳಿತ ಮೇಲೆ ಹದಿನಾಲ್ಕಾದವು. ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿದ ಮೇಲೆ ಇಪ್ಪತ್ತೆರಡಾದವು. ಮನೆಯ ಯಜಮಾನನೆನಿಸಿಕೊಂಡವನಿಗೆ ಮನೆಯಲ್ಲಿರುವುದೆಲ್ಲವೂ ತಿಳಿದಿರುವುದಿಲ್ಲವೆಂಬುದು ಅಂದು ನನಗೆ ಮನವರಿಕೆಯಾಯಿತು.

ಅನಂತರ ಹುಡುಕಾಟ. ಹಾಡುಗಳು 'ಮ್ಯೂಸಿಕ್' ಎಂಬ ಕಡತಕೋಶದಲ್ಲಿರಬಹುದೆಂದು ನಾವು ಭಾವಿಸಿದೆವು, ಅಲ್ಲಿರಲಿಲ್ಲ. ಡಿ ಡ್ರೈವಿನಲ್ಲಿಯೂ ಇರಲಿಲ್ಲ. ಗೃಹಿಣಿಯ ಮುಖವು ಬಾಡಿತು. ಎರಡನೆಯ ದಿನ ರಾತ್ರಿ, 'ಡೌನ್‌ಲೋಡ್ಸ್' ಎಂಬಲ್ಲಿ, 'ನ್ಯೂ ಫೋಲ್ಡರ್' ಎಂದು ಹೆಸರಿದ್ದ ಮೂರನೆಯ ಕೋಶದೊಳಗೆ, ಹೆಸರಿಲ್ಲದೆ ಬರಿಯ ಅಂಕಿಗಳಿದ್ದ ಮೂವತ್ತೊಂದು ಕಡತಗಳು ಕಂಡವು. ಮೊದಲನೆಯದನ್ನು ಒತ್ತಿದಾಗ ಒಂದು ಕೆಮ್ಮು ಕೇಳಿಸಿತು, ಆಮೇಲೆ, "ಹಿಡ್ಕೊಂಡ್ಯೇನೇ? ಶುರು ಮಾಡ್ಲಾ?" ಎಂಬ ಮಾತು. ಗೃಹಿಣಿಯು ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದಳು. ಶಿಷ್ಯನೂ ನಾನೂ ಬಹಳ ಹೊತ್ತು ಮಾತನಾಡಲಿಲ್ಲ.

ಇಲ್ಲಿ ಕೆಲವು ಸೂಚನೆಗಳನ್ನು ಕೊಡುವುದು ಅವಶ್ಯ. ಡಿ ಡ್ರೈವಿನಲ್ಲಿಟ್ಟರೆ ಸುರಕ್ಷಿತವೆಂದು ಅನೇಕರು ನಂಬಿರುವರು. ನಮ್ಮಂತಹ ಬಹುಪಾಲು ಮನೆಯ ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬುವು ಒಂದೇ ಡಿಸ್ಕಿನ ಎರಡು ಪಾಲುಗಳು, ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಮನೆಗೆ ಬೆಂಕಿ ಬಿದ್ದರೆ ಎರಡೂ ಹೋಗುವುವು. ಒರಸುವವನ ಕೈ ತಪ್ಪಿದರೂ ಎರಡೂ ಹೋಗುವುವು. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್ ಸಹ ಸಾಮಾನ್ಯವಾಗಿ ಸಿ ಡ್ರೈವಿನ ಒಂದು ಕೋಶವೇ ಆಗಿದ್ದು, ಒರಸಿದಾಗ ಅಲ್ಲಿಟ್ಟುದೆಲ್ಲವೂ ಅಳಿಯುವುದು. ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಪುಟಗಳನ್ನೂ, ಅದು ನೆನಪಿಟ್ಟುಕೊಂಡಿರುವ ಗುಪ್ತಪದಗಳನ್ನೂ ಪ್ರತ್ಯೇಕವಾಗಿ ತೆಗೆದಿಡಬೇಕು. ಬ್ಯಾಂಕು, ಮಿಂಚಂಚೆ ಮುಂತಾದವುಗಳಲ್ಲಿ ಈಗಿನ ಮೊಬೈಲ್ ಸಂಖ್ಯೆಯೇ ದಾಖಲಾಗಿದೆಯೆ ಎಂಬುದನ್ನು ಒರಸುವ ಮೊದಲೇ ನೋಡಿಕೊಳ್ಳತಕ್ಕದ್ದು. ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಒಳಹೊಗಲು ಬೇಕಾದ ಸಂಕೇತವು ಬಳಕೆಯಲ್ಲಿಲ್ಲದ ಹಳೆಯ ಸಂಖ್ಯೆಗೆ ಹೋಗುವುದು.

ನಕಲನ್ನು ಎರಡು ಕಡೆ ಇಡಬೇಕು. ನಾವು ಒಂದನ್ನು ಹೊರಗಿನ ಹಾರ್ಡ್ ಡಿಸ್ಕಿಗೂ, ಅತಿಮುಖ್ಯವಾದವುಗಳನ್ನು ೬೪ ಜಿಬಿಯ ಪೆನ್‌ಡ್ರೈವಿಗೂ ತುಂಬಿದೆವು. ಅಷ್ಟಕ್ಕೇ ನಿಲ್ಲಿಸದೆ ಅವುಗಳನ್ನು ಶಿಷ್ಯನ ಲ್ಯಾಪ್‌ಟಾಪಿಗೆ ಜೋಡಿಸಿ ಕಡತಗಳನ್ನು ತೆರೆದು ಪರೀಕ್ಷಿಸಿದೆವು. ತೆರೆದು ನೋಡದ ನಕಲು ನಕಲೆನಿಸದು. ಪರೀಕ್ಷೆಯು ಮುಗಿದ ಮೇಲೆ ಎರಡನ್ನೂ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಹೂಡುವ ಸಮಯದಲ್ಲಿ ಹೊರಗಿನ ಡಿಸ್ಕು ಯಂತ್ರಕ್ಕೆ ತಗುಲಿಕೊಂಡೇ ಇದ್ದರೆ, ಪ್ರಮಾದದಿಂದ ಅದನ್ನೇ ಒರಸಿದವರೂ ಉಂಟಂತೆ.

ಒರಸುವ ಕ್ರಮ

ಒರಸುವುದಕ್ಕೆ ಎರಡು ಮಾರ್ಗಗಳಿವೆ. ವಿಂಡೋಸ್ ೧೦ರ ಸೆಟ್ಟಿಂಗ್ಸ್ ಎಂಬಲ್ಲಿಯೇ 'ರೀಸೆಟ್ ದಿಸ್ ಪೀಸಿ' ಎಂಬ ಆಜ್ಞೆಯುಂಟು. ಅದು, 'ಕೀಪ್ ಮೈ ಫೈಲ್ಸ್' ಮತ್ತು 'ರಿಮೂವ್ ಎವೆರಿಥಿಂಗ್' ಎಂಬ ಎರಡು ವಿಧಗಳನ್ನು ಮುಂದಿಡುವುದು. ಮೊದಲನೆಯದರಲ್ಲಿ ನಮ್ಮ ಸ್ವಂತ ಕಡತಗಳು ಉಳಿದು, ಹಾಕಿಕೊಂಡ ತಂತ್ರಾಂಶಗಳೂ ಸೆಟ್ಟಿಂಗ್‌ಗಳೂ ಹೋಗುವುವು. ಎರಡನೆಯದರಲ್ಲಿ ಎಲ್ಲವೂ ಹೋಗುವುದು. ಕಡತಗಳು ಉಳಿಯುವುವೆಂಬ ಭರವಸೆಯಿದ್ದರೂ ನಕಲು ಮಾಡದೆ ಮೊದಲನೆಯದನ್ನು ಸಹ ಆರಂಭಿಸಕೂಡದು; ಏತಕ್ಕೆಂದರೆ ಕೆಲಸದ ನಡುವೆ ವಿದ್ಯುತ್ತು ಹೋದರೆ ಏನಾಗುವುದೆಂದು ಯಾರೂ ಹೇಳಲಾರರು.

ಎರಡನೆಯ ಮಾರ್ಗವು, ಕನಿಷ್ಠ ೮ ಜಿಬಿಯ ಒಂದು ಬರಿದಾದ ಪೆನ್‌ಡ್ರೈವಿನಲ್ಲಿ ವಿಂಡೋಸನ್ನು ಇಳಿಸಿಕೊಂಡು, ಅದರಿಂದಲೇ ಯಂತ್ರವನ್ನು ಎಬ್ಬಿಸುವುದು. ಈ ಪೆನ್‌ಡ್ರೈವನ್ನು ಸಿದ್ಧಪಡಿಸುವ ಸಾಧನವನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ಒದಗಿಸಿದೆ. ನಾವು ಹಿಡಿದುದು ಈ ಮಾರ್ಗವನ್ನು. ಯಂತ್ರವು ಏಳುವಾಗ ಒಂದು ಗೊತ್ತಾದ ಕೀಲಿಯನ್ನು ಒತ್ತಿದರೆ ಎಲ್ಲಿಂದ ಏಳಬೇಕೆಂದು ಅದು ಕೇಳುವುದು; ಕೆಲವು ಯಂತ್ರಗಳಲ್ಲಿ ಎಫ್ ೧೨, ಕೆಲವುಗಳಲ್ಲಿ ಎಸ್ಕೇಪ್, ತಯಾರಿಸಿದವರನ್ನು ಅನುಸರಿಸಿ ಇದು ಬೇರೆಯಾಗುವುದು. ಮುಂದೆ ಡಿಸ್ಕಿನ ಪಾಲುಗಳ ಪಟ್ಟಿಯು ಕಾಣಿಸುವುದು. ಒಂದೊಂದನ್ನೂ ಅಳಿಸಿ, ಇಡೀ ಡಿಸ್ಕನ್ನು ಬರಿದಾದ ನಿವೇಶನದಂತೆ ಮಾಡಿ, ಅಲ್ಲಿ ಹೊಸದನ್ನು ಹೂಡಲು ಅಪ್ಪಣೆ ಕೊಡಬೇಕು. ಕೀಲಿಸಂಖ್ಯೆಯನ್ನು ಕೇಳಿದಾಗ, ಇಲ್ಲವೆಂದು ಹೇಳಿ ಮುಂದುವರಿದೆವು. ಆ ಯಂತ್ರದಲ್ಲಿ ಈ ಹಿಂದೆಯೇ ಅಧಿಕೃತವಾದ ವಿಂಡೋಸ್ ೧೦ ನಡೆಯುತ್ತಿದ್ದುದರಿಂದ, ಅದೇ ಹೋಮ್ ಆವೃತ್ತಿಯನ್ನು ಆರಿಸಿಕೊಂಡೆವಾಗಿ, ಅಂತರ್ಜಾಲಕ್ಕೆ ಸೇರಿದೊಡನೆ ಅದು ತನ್ನ ಹಕ್ಕುಪತ್ರವನ್ನು ತಾನೇ ಗುರುತಿಸಿಕೊಂಡಿತು.

ಕೊನೆಯ ಪಾಲನ್ನು ಅಳಿಸುವ ಮೊದಲು ಯಂತ್ರವು ಒಮ್ಮೆ ಎಚ್ಚರಿಕೆಯ ಮಾತನ್ನು ತೋರಿಸಿತು. ಶಿಷ್ಯನು ಮೌಸನ್ನು ನನ್ನ ಕಡೆಗೆ ಸರಿಸಿ, "ನೀವೇ ಒತ್ತಿ ಸಾರ್" ಎಂದನು. ನಾನು ಗೃಹಿಣಿಯ ಕಡೆಗೆ ನೋಡಿದೆನು. ಅವಳು ಬೀರುವಿನ ಕಡೆಗೆ ಒಮ್ಮೆ ನೋಡಿ, "ಹೂಂ, ಒತ್ತಿ" ಎಂದಳು. ಒತ್ತಿದೆನು.

ಒಂದು ಮಾತು. ಹೀಗೆ ಅಳಿಸಿದ ಮಾತ್ರಕ್ಕೆ ತಿರುಗುವ ತಟ್ಟೆಯ ಡಿಸ್ಕಿನಿಂದ ಎಲ್ಲವೂ ನಿಜವಾಗಿ ನಾಶವಾಯಿತೆಂದು ತಿಳಿಯಬಾರದು. ಅಳಿದುದು ವಿಷಯಾನುಕ್ರಮಣಿಕೆ ಮಾತ್ರ; ಗ್ರಂಥದ ಪುಟಗಳು, ಅವುಗಳ ಮೇಲೆ ಬೇರೆಯದನ್ನು ಬರೆಯುವವರೆಗೆ, ಹಾಗೆಯೇ ಇರುವುವು. ಆದಕಾರಣ ಆಕಸ್ಮಿಕವಾಗಿ ಏನನ್ನಾದರೂ ಅಳಿಸಿದವರು ಯಂತ್ರವನ್ನು ಕೂಡಲೆ ನಿಲ್ಲಿಸಿ ತಜ್ಞರಲ್ಲಿಗೆ ಒಯ್ದರೆ ಕೆಲವು ಸಲ ಮರಳಿ ಪಡೆಯಬಹುದು. ಅದೇ ಕಾರಣದಿಂದ, ಹಳೆಯ ಯಂತ್ರವನ್ನು ಮಾರುವವರೂ ದಾನ ಕೊಡುವವರೂ ರೀಸೆಟ್ಟಿನಲ್ಲಿ ಎಲ್ಲವನ್ನೂ ತೆಗೆಯುವ ವಿಧವನ್ನು ಆರಿಸಿ, ಡ್ರೈವನ್ನು ಪೂರ್ಣವಾಗಿ ಶುದ್ಧಿಮಾಡುವ ಆಜ್ಞೆಯನ್ನು ಕೂಡ ಕೊಡತಕ್ಕದ್ದು. ಅದಕ್ಕೆ ಗಂಟೆಗಟ್ಟಲೆ ಹಿಡಿಯುವುದು. ಆದರೆ ನಮ್ಮ ಬ್ಯಾಂಕಿನ ಕಾಗದಗಳು ಅನ್ಯರ ಕೈಗೆ ಹೋಗುವ ಭಯವು ಬಹುಮಟ್ಟಿಗೆ ತಪ್ಪುವುದು.

ಅಳಿದುದು, ಉಳಿದುದು

ಸುಮಾರು ಒಂದೂವರೆ ಗಂಟೆಯಲ್ಲಿ ಹೊಸ ಪರದೆಯು ಕಾಣಿಸಿತು. ರಾತ್ರಿಯೆಲ್ಲ ಯಂತ್ರವು ಪರಿಷ್ಕರಣಗಳನ್ನು ಇಳಿಸಿಕೊಂಡಿತು. ಮರುದಿನ ಬೆಳಗ್ಗೆ ಗುಂಡಿಯನ್ನೊತ್ತಿ ಕಾಫಿಗೆ ಹೊರಟವನು ಬಾಗಿಲು ದಾಟುವುದರೊಳಗಾಗಿ ಯಂತ್ರವು ಎದ್ದು ಕುಳಿತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಕಾಫಿಯು ಆರುವ ಮೊದಲು ಸಿದ್ಧವಾಗಿತ್ತೆಂಬುದು ನಿಜ. ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್ ಎಂಬ ಕಾವಲುಗಾರನೊಬ್ಬನೇ ಸಾಕೆಂದು ಉಳಿದವರನ್ನು ಹಾಕಲಿಲ್ಲ. ನಲವತ್ತು ತಂತ್ರಾಂಶಗಳ ಸ್ಥಾನದಲ್ಲಿ ಆರನ್ನು ಮಾತ್ರ ಹಾಕಿಕೊಂಡೆವು.

ಆದರೆ ನನ್ನ ಪಾಠದ ಟಿಪ್ಪಣಿಗಳನ್ನು ತೆರೆದಾಗ ಎದೆ ಧಸಕ್ಕೆಂದಿತು. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ, ಅವುಗಳ ತಲೆಯ ಮೇಲೆ ಕೊಂಬು, ಚುಕ್ಕೆ, ಟೋಪಿಗಳೂ ಸಾಲಾಗಿ ನಿಂತಿದ್ದವು. ಕಾರಣವು ಇಷ್ಟೆ. ಆ ಟಿಪ್ಪಣಿಗಳನ್ನು ನಾನು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿದ್ದೆನು. ಆ ಹಳೆಯ ಪದ್ಧತಿಯಲ್ಲಿ ಕಡತದೊಳಗಿರುವುದು ಇಂಗ್ಲಿಷಿಗೆ ಮೀಸಲಾದ ಸಂಕೇತಗಳೇ. ಆ ಸಂಕೇತಗಳಿಗೆ ಕನ್ನಡದ ವೇಷವನ್ನು ಹಾಕುವುದು ಫಾಂಟ್ ಎಂಬ ಅಕ್ಷರಮಾಲೆ. ಯಂತ್ರವನ್ನು ಒರಸಿದಾಗ ಅಕ್ಷರಮಾಲೆಯೂ ಹೋಗಿತ್ತು, ವೇಷವು ಕಳಚಿತ್ತು. ನುಡಿಯನ್ನು ಪುನಃ ಹಾಕಿದೊಡನೆ ಕನ್ನಡವು ಮರಳಿತು. ಇಷ್ಟಕ್ಕೆ ತೃಪ್ತನಾಗದೆ, ಅದರೊಡನಿರುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿಕೊಂಡೆನು. ಯೂನಿಕೋಡ್ ಪದ್ಧತಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಆದ ಸಂಕೇತಗಳುಂಟು. ಹಾಗೆ ಬರೆದುದನ್ನು ಇಂದಿನ ಯಾವ ಯಂತ್ರವೂ ಯಾವ ಮೊಬೈಲೂ ಕನ್ನಡವೆಂದೇ ಓದುವುವು. ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳು ಯಾರ ಮನೆಯಲ್ಲಿವೆಯೋ ಅವರು ಇಂದೇ ಈ ಕಾರ್ಯವನ್ನು ಮಾಡಿಕೊಳ್ಳುವುದು ಕ್ಷೇಮ.

ಇನ್ನು ಆಗಿಯೇ ಹೋದ ಹಾನಿಯ ವಿಷಯ. ಪರದೆಯ ಮೇಲೆ ಹಳದಿಯ ಚೀಟಿಗಳಂತೆ ಕಾಣುವ ಸ್ಟಿಕಿ ನೋಟ್ಸ್ ಎಂಬುವನ್ನು ವಾಚಕರು ಬಲ್ಲರಷ್ಟೆ. ನಮ್ಮ ಮನೆತನದ ಹಿರಿಯರ ಶ್ರಾದ್ಧತಿಥಿಗಳನ್ನು, ಮಾಸ ಪಕ್ಷ ಸಹಿತವಾಗಿ, ನನ್ನ ತಂದೆಯವರ ಬಾಯಿಂದ ಕೇಳಿ ಅಂತಹ ಒಂದು ಚೀಟಿಯಲ್ಲಿ ನಾನು ಬರೆದುಕೊಂಡಿದ್ದೆನು. ದಿನವೂ ಕಣ್ಣೆದುರಿಗೇ ಇದ್ದುದರಿಂದಲೇ ಅದು ಪಟ್ಟಿಗೆ ಬರಲಿಲ್ಲ. ಆ ಚೀಟಿಗಳು ನಾವು ನಕಲು ಮಾಡಿದ ಯಾವ ಕೋಶದಲ್ಲಿಯೂ ಇರುವುದಿಲ್ಲ. ಯಂತ್ರವು ಬಚ್ಚಿಟ್ಟುಕೊಂಡಿರುವ ಬೇರೊಂದು ಸ್ಥಳದಲ್ಲಿರುವುವು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಅದನ್ನು ಉಪಯೋಗಿಸುತ್ತಿದ್ದವರ ಚೀಟಿಗಳು ಅಂತರ್ಜಾಲದಲ್ಲಿ ಉಳಿಯಬಹುದು; ನನಗೆ ಖಾತೆಯಿರಲಿಲ್ಲ. ತಂದೆಯವರು ಈಗಿಲ್ಲ. ಸೋದರತ್ತೆಯವರನ್ನೂ, ಊರಿನ ಪುರೋಹಿತರನ್ನೂ, ದಾಯಾದಿಗಳನ್ನೂ ಕೇಳಿ ಐದು ತಿಥಿಗಳನ್ನು ಪುನಃ ಸಂಪಾದಿಸಿದೆನು. ಮುತ್ತಜ್ಜಿಯೊಬ್ಬರ ತಿಥಿಯು ಮಾತ್ರ ಯಾರಿಗೂ ನೆನಪಿರಲಿಲ್ಲ. ಅವರಿಗೆ ಈಗ ಮಹಾಲಯದಲ್ಲಿ ತರ್ಪಣವನ್ನು ಕೊಡುತ್ತಿರುವೆನು. ಉಳಿದ ತಿಥಿಗಳನ್ನು ಪಂಚಾಂಗದ ಹಿಂದಿನ ರಟ್ಟಿನ ಮೇಲೆ ಮಸಿಯಿಂದ ಬರೆದಿಟ್ಟಿದ್ದೇನೆ. ಹೊಸ ಪಂಚಾಂಗ ಬಂದಾಗಲೆಲ್ಲ ಮಗಳ ಕೈಯಿಂದ ಅದಕ್ಕೆ ನಕಲು ಮಾಡಿಸುವೆನು.

ಈಗ ಈ ಕೆಲಸವನ್ನು ಮಾಡಹೊರಡುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ರಕ್ಷಣಾಸಾಧನವೂ, ಇಂಟೆಲ್ ಸಂಸ್ಥೆಯದಾದರೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವೂ ಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ೨೦೧೬ರ ಯಂತ್ರಕ್ಕೆ ಆ ಯೋಗ್ಯತೆಯಿರಲಿಲ್ಲ. ಆದುದರಿಂದ ೨೦೨೫ರ ದಸರೆಯಲ್ಲಿ ಅದನ್ನು ಎರಡನೆಯ ಸಲ ಒರಸಿ, ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯನ್ನು ಹೂಡಿದೆವು. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್ ಒಂದರಿಂದಲೇ ಅದನ್ನು ನಡೆಸಿ ಪರೀಕ್ಷಿಸಲು ಅವಕಾಶವಿರುವುದು ಒಂದು ದೊಡ್ಡ ಅನುಕೂಲ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸವು ಅದರಲ್ಲಿಯೂ ದೊರೆಯುವುದು. ಈ ಸಲ ಶಿಷ್ಯನು ಬರಲಿಲ್ಲ. ಮೂರು ದಿನಗಳೂ ಹಿಡಿಯಲಿಲ್ಲ. ಪಟ್ಟಿಯು ಗೋಡೆಯ ಮೇಲೆ ಅಂಟಿಸಿತ್ತು, ನಕಲುಗಳು ಬೀರುವಿನಲ್ಲಿದ್ದವು. ಗೃಹಿಣಿಯು ಪಕ್ಕದಲ್ಲಿ ಕುಳಿತು ಒಂದೊಂದು ಬಾಬನ್ನೂ ಓದಿ ಹೇಳಿದಳು. ನಾನು ತೆರೆದು ನೋಡಿ ಗುರುತು ಹಾಕಿದೆನು. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸವು ಮುಗಿದಿತ್ತು.

ಹೊಸ ವ್ಯವಸ್ಥೆಯಲ್ಲಿ ಮೊದಲು ತೆರೆದುದು ಅತ್ತೆಯವರ ಹಾಡನ್ನು. ಈಗ ಅವುಗಳಿಗೆ ಅಂಕಿಗಳಿಲ್ಲ. ಒಂದೊಂದಕ್ಕೂ ಗೃಹಿಣಿಯು ಹೆಸರು ಕೊಟ್ಟಿರುವಳು, ಸಾಹಿತ್ಯವನ್ನು ಪುಸ್ತಕದಲ್ಲಿ ಬರೆದುಕೊಂಡಿರುವಳು. ಇಬ್ಬರು ಸೋದರಸೊಸೆಯರು ನಕಲನ್ನು ಒಯ್ದು ಕಲಿಯುತ್ತಿರುವರು. ಮೊನ್ನೆ ಬಂಧುಗಳ ಮನೆಯ ಮದುವೆಯಲ್ಲಿ ಹಸೆಗೆ ಕರೆಯುವಾಗ ಅವರಲ್ಲೊಬ್ಬಳು ಅತ್ತೆಯವರ ಮಟ್ಟಿನಲ್ಲಿಯೇ ಹಾಡಿದಳು.

ಯಂತ್ರಗಳು ಹಳತಾಗುವುವು, ಪಾರುಪತ್ಯಗಾರರು ಬದಲಾಗುವರು. ಅದಕ್ಕಾಗಿ ಚಿಂತಿಸಬೇಕಾದುದಿಲ್ಲ. ಒರಸುವ ಮುನ್ನ ಮನೆಯವರೆಲ್ಲರನ್ನೂ ಕೂರಿಸಿ, "ಇದರಲ್ಲಿ ನಿನ್ನದೇನಿದೆ?" ಎಂದು ಒಬ್ಬೊಬ್ಬರನ್ನೂ ಕೇಳಿರೆಂಬುದಿಷ್ಟೇ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ.